ಸೇವೆಗೆ ಹೋಗ್ತೀನಿ ಅಂದಾಗ

ಮಗ ಆಶ್ರಮದವರ ಜೊತೆ ಸೇವೆಗೆ ಹೋಗ್ತೀನಿ ಅಂದರೆ ಎಷ್ಟೋ ತಾಯಂದಿರ ಎದೆ ಧಸಕ್ಕೆನ್ನುತ್ತದೆ. ಓದು ಹಾಳಾದೀತು, ಕಾವಿ ಉಟ್ಟುಬಿಟ್ಟರೆ ಗತಿಯೇನು ಅಂತ. ಈ ಭಯ ಸುಳ್ಳು ಅಂತ ನಾನು ಹೇಳೋದಿಲ್ಲ, ಸೋದರಿಯರೇ. ಆದರೂ 1899ರ ಕಲ್ಕತ್ತೆಯ ಕಥೆ ಸ್ವಲ್ಪ ಕೇಳಿ.

ಊರಿಗೆ ಪ್ಲೇಗು ಬಂದಿತ್ತು. ರಾಮಕೃಷ್ಣ ಮಿಷನ್ ಹುಟ್ಟಿ ಎರಡೇ ವರ್ಷ. ಐರ್ಲೆಂಡಿನಲ್ಲಿ ಹುಟ್ಟಿದ್ದ ಸೋದರಿ ನಿವೇದಿತಾ ಏಪ್ರಿಲ್ 22ರಂದು ಒಂದು ನಾಟಕಶಾಲೆಯಲ್ಲಿ ವಿದ್ಯಾರ್ಥಿಗಳ ಮುಂದೆ ಮಾತಾಡಿದರು. ವಿವೇಕಾನಂದರೂ ಇದ್ದರು. ಹದಿನೈದರಷ್ಟು ಹುಡುಗರು ಹೆಸರು ಕೊಟ್ಟರು. ಸಿಕ್ಕಿದ ಕೆಲಸ? ಬಡವರ ಗುಡಿಸಲುಗಳಿಗೆ ಒಂದೊಂದಾಗಿ ಹೋಗಿ ಶುಚಿಯಾಗಿವೆಯೇ ಎಂದು ನೋಡುವುದು! ಒಮ್ಮೆ ಆಳು ಸಾಲದೆ ಹೋದಾಗ ನಿವೇದಿತಾ ತಾವೇ ಪೊರಕೆ ಹಿಡಿದು ಗಲ್ಲಿ ಗುಡಿಸತೊಡಗಿದರಂತೆ. ನೋಡುತ್ತಾ ನಿಂತಿದ್ದ ಬೀದಿಯ ಯುವಕರು ನಾಚಿ ಪೊರಕೆ ಕೈಗೆ ತೆಗೆದುಕೊಂಡರು.

ನಮ್ಮ ಮನೆಗಳಲ್ಲಿ ಗಂಡುಹುಡುಗರು ಉಂಡ ತಟ್ಟೆ ಎತ್ತೋದಿಲ್ಲ (ಎತ್ತೋಕೆ ನಾವೇ ಬಿಡೋದಿಲ್ಲ ಅನ್ನಿ). ಅಂಥವನು ಬೇರೆಯವರ ಅಂಗಳ ಗುಡಿಸಿ ಬಂದರೆ ನಷ್ಟವೇನು?

ಕಳಿಸುವ ಮುಂಚೆ ಚೆನ್ನಾಗಿ ವಿಚಾರಿಸಿ. ಎಷ್ಟು ದಿನ, ಮಲಗುವುದೆಲ್ಲಿ, ಜವಾಬ್ದಾರಿ ಯಾರದು, ಮಾಡುವ ಕೆಲಸವೇನು? ವೇದಿಕೆಗೆ ಕುರ್ಚಿ ಜೋಡಿಸಿ, ಹಾರ ಹಿಡಿದು ನಿಲ್ಲೋದಷ್ಟೇ ಆದರೆ ಬೇಡವೇ ಬೇಡ. ಪರೀಕ್ಷೆ ಹತ್ತಿರವಿದ್ದರೆ ರಜೆ ಬರುವತನಕ ಕಾಯಲಿ. ಮಗಳು ಕೇಳಿದರೂ ಇವೇ ಪ್ರಶ್ನೆ ಸಾಕು. ‘ಜನ ಏನಂತಾರೆ’ ಅನ್ನೋದನ್ನ ಅವಳಿಗೆ ಮಾತ್ರ ಸೇರಿಸಬೇಡಿ.