ಎರಡು ಕಣ್ಣು, ಒಂದು ನೋಟ

ರಜೆ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಭಕ್ತರ ಮನೆಗಳಲ್ಲಿ ಮಕ್ಕಳದು ಒಂದೇ ಹಟ: ದೊಡ್ಡ ಊರಿಗೆ ಹೋಗಿ ತ್ರೀಡಿ ಚಲನಚಿತ್ರ ನೋಡಬೇಕು. ಇದು ಮಕ್ಕಳಿಗೆ ಒಳಿತೇ, ಕೆಡುಕೇ ಎಂದು ಹಿರಿಯರು ನಮ್ಮನ್ನು ಕೇಳುವುದುಂಟು. ತೀರ್ಪು ಹೇಳುವ ಮೊದಲು ವಿಷಯವನ್ನು ಅರಿಯುವುದು ಉಚಿತ.

ಈ ವಿದ್ಯೆ ಹೊಸದಲ್ಲ. ಎರಡು ಕಣ್ಣುಗಳಿಗೆ ತುಸು ಭಿನ್ನವಾದ ಎರಡು ಚಿತ್ರಗಳನ್ನು ತೋರಿ ಆಳವನ್ನು ಭಾಸವಾಗಿಸಬಹುದೆಂದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿಯೇ ವಿವರಿಸಿದ್ದರು. ಭಾರತದ ಮೊದಲ ತ್ರೀಡಿ ಚಿತ್ರ, ಮಲಯಾಳದ ‘ಮೈ ಡಿಯರ್ ಕುಟ್ಟಿಚಾತನ್’, 1984ರಲ್ಲಿ ತೆರೆಕಂಡಿತು. 2009ರ ಡಿಸೆಂಬರಿನಲ್ಲಿ ‘ಅವತಾರ್’ ಬಂದಾಗ ಜಗತ್ತಿನಲ್ಲಿ ಇಂಥ ಡಿಜಿಟಲ್ ಪರದೆಗಳು ಸುಮಾರು 9 ಸಾವಿರವಿದ್ದವು. ಮುಂದಿನ ದಶಕ ಮುಗಿಯುವಷ್ಟರಲ್ಲಿ ಅವು ಲಕ್ಷವನ್ನು ಮೀರಿದವು. ಕನ್ನಡದಲ್ಲಿಯೂ 2012ರಲ್ಲಿ ‘ಕಠಾರಿವೀರ ಸುರಸುಂದರಾಂಗಿ’, 2019ರಲ್ಲಿ ‘ಕುರುಕ್ಷೇತ್ರ’, 2022ರಲ್ಲಿ ‘ವಿಕ್ರಾಂತ್ ರೋಣ’ ಹೀಗೆ ಬಂದವು. ಆದರೆ ಪರದೆ ಬೆಳೆದಷ್ಟು ಆದರ ಬೆಳೆಯಲಿಲ್ಲ. ಮನೆಯ ತ್ರೀಡಿ ಟಿ.ವಿ.ಗಳ ತಯಾರಿಕೆಯನ್ನು ದೊಡ್ಡ ಕಂಪನಿಗಳು 2017ರ ಹೊತ್ತಿಗೆ ಕೈಬಿಟ್ಟವು.

ಪರದೆಯಾದರೋ ಚಪ್ಪಟೆಯಾದುದು. ಅದರ ಮೇಲೆ ಬೀಳುವ ಎರಡು ಚಿತ್ರಗಳಲ್ಲಿ ಕನ್ನಡಕವು ಒಂದೊಂದು ಕಣ್ಣಿಗೆ ಒಂದೊಂದನ್ನೇ ಬಿಡುತ್ತದೆ. ಅವನ್ನು ಕೂಡಿಸಿ ಆಳವನ್ನು ಕಟ್ಟುವುದು ನೋಡುವವನ ಮಿದುಳು. ಮುಖದೆದುರಿಗೆ ಹಾರಿ ಬಂದಂತೆ ತೋರುವ ಹಕ್ಕಿಯತ್ತ ಕಣ್ಣಾಲಿಗಳು ಒಳಕ್ಕೆ ಹೊರಳುತ್ತವೆ. ಕಣ್ಣಿನ ಮಸೂರ ಮಾತ್ರ ದೂರದ ಪರದೆಯಲ್ಲಿಯೇ ನೆಲೆಸಿರಬೇಕಾಗುತ್ತದೆ. ಈ ಎಳೆದಾಟದಿಂದಲೇ ಕೆಲವರಿಗೆ ಕಣ್ಣು ದಣಿಯುವುದು, ತಲೆ ನೋಯುವುದು.

ತಾಯಿತಂದೆಗಳು ಇಲ್ಲಿ ಒಂದು ಮಾತನ್ನು ಲಕ್ಷ್ಯವಿಟ್ಟು ಕೇಳಬೇಕು. ಚಿತ್ರ ನೋಡಿ ಬಂದ ಮಗು ‘ನನಗೇನೂ ಎದ್ದು ಬರಲಿಲ್ಲ’ ಎಂದರೆ ನಗಬಾರದು, ಗದರಿಸಲೂಬಾರದು. ಒಂದು ಕಣ್ಣು ಮಂದವಾಗಿದ್ದರೆ ಅಥವಾ ಮೆಳ್ಳೆಗಣ್ಣಿದ್ದರೆ ಆ ಆಳ ಕಾಣದೆ ಹೋಗಬಹುದು. ಮತ್ತೊಂದು ಕಣ್ಣು ಚೆನ್ನಾಗಿರುವುದರಿಂದ ಮಗುವಿಗೂ ಮನೆಯವರಿಗೂ ದೋಷ ತಿಳಿಯುವುದಿಲ್ಲ. ಏಳೆಂಟು ವರ್ಷದೊಳಗೆ ಚಿಕಿತ್ಸೆ ದೊರೆತರೆ ಫಲ ಹೆಚ್ಚು. ಅಂಥ ಮಗುವನ್ನು ತಡಮಾಡದೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು.

ಆದುದರಿಂದ ಚಿತ್ರ ನೋಡುವುದನ್ನು ನಾವು ದೋಷವೆನ್ನುವುದಿಲ್ಲ. ವರ್ಷಕ್ಕೊಮ್ಮೆ ಮಕ್ಕಳು ನೋಡಿ ನಲಿಯಲಿ. ಹಾಗೆಯೇ ಅವರನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೂ ಕರೆದೊಯ್ಯಿರಿ. ಅಶೋಕನ ಕಾಲದಲ್ಲಿ ಬಂಡೆಯಲ್ಲಿ ಕೊರೆದ ಅಕ್ಷರಗಳು ಎರಡು ಸಾವಿರ ವರ್ಷಕ್ಕೂ ಮೀರಿ ಅಲ್ಲಿ ಉಳಿದಿವೆ. ಆ ಆಳವನ್ನು ಕಾಣಲು ಕನ್ನಡಕ ಬೇಕಿಲ್ಲ.

ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ನೋಡುವಾಗ ಕಣ್ಣಾಲಿಗಳು ಹೊರಳುವ ಎಡೆಯೂ ದೃಷ್ಟಿ ನೆಲೆಸುವ ಎಡೆಯೂ ಒಂದೇ. ಅಲ್ಲಿ ಎಳೆದಾಟವಿಲ್ಲ, ಮನಸ್ಸು ತಾನಾಗಿ ಹಿಂಬಾಲಿಸುತ್ತದೆ. ಮೂರು ಗಂಟೆ ಪರದೆಯನ್ನು ನೋಡಬಲ್ಲ ಮಗುವಿಗೆ ಮೂರು ನಿಮಿಷ ಲಿಂಗವನ್ನು ನೋಡುವುದನ್ನು ಕಲಿಸುವುದು ಕಷ್ಟವಲ್ಲ. ಹಿರಿಯರು ಜೊತೆಯಲ್ಲಿ ಕುಳಿತರೆ ಸಾಕು.