ಹಳೆಯ ಒಡವೆಯ ವಜ್ರ

ಹಳೆಯ ವಜ್ರದೊಡವೆಯನ್ನು ಮುರಿಸಿ ಹೊಸದು ಮಾಡಿಸುವುದು ಜಾಣತನವೆಂದು ನಮ್ಮಲ್ಲಿ ಬಹು ಜನ ತಿಳಿದಿದ್ದಾರೆ. ಅದು ಜಾಣತನವಲ್ಲ, ನಷ್ಟದ ವ್ಯಾಪಾರವೆಂಬುದು ನನ್ನ ಅಭಿಪ್ರಾಯ. ಬಿ.ಎ. ಓದುವ ವಿದ್ಯಾರ್ಥಿಗೆ ವಜ್ರದ ಗೊಡವೆಯೇಕೆಂದು ಮಿತ್ರರು ನಗಬಹುದು. ಗೊಡವೆ ತಾನಾಗಿಯೇ ಮನೆಬಾಗಿಲಿಗೆ ಬಂದುದರಿಂದ ಬರೆಯಬೇಕಾಯಿತು.

ನಮ್ಮ ಮನೆಯಲ್ಲಿ ವಜ್ರವೆಂಬ ಹೆಸರಿಗಿರುವುದು ಒಂದೇ ಒಡವೆ, ಅಜ್ಜಿಯ ಏಳು ಕಲ್ಲಿನ ಮೂಗುಬೊಟ್ಟು. ಅದು ಅವರ ತಾಯಿಯಿಂದ ಬಂದದ್ದು. ಅಕ್ಕನ ಮದುವೆ ಗೊತ್ತಾದ ಮೇಲೆ ತಾಯಿ ಅದನ್ನು ಅಂಗಡಿಯೊಂದಕ್ಕೆ ಒಯ್ದರು. ಜೊತೆಗೆ ನಾನೂ ಹೋಗಿದ್ದೆ. ಅಂಗಡಿಯವರು ತೂಕ ಹಾಕಿ, ಕಲ್ಲಿಗೆಂದು ಇಷ್ಟು ಕಳೆದು, ಉಳಿದ ಚಿನ್ನಕ್ಕೆ ಮಾತ್ರ ಬೆಲೆ ಹೇಳಿದರು. ಕಲ್ಲಿನ ಬೆಲೆಯೇನೆಂದು ಕೇಳಿದಾಗ, “ಇದು ಹಳೇ ಕಟಿಂಗು ತಾಯಿ, ಹೊಳಪಿಲ್ಲ. ಬಿಚ್ಚಿಸಿ ಮತ್ತೆ ಸಾಣೆ ಹಿಡಿಸಿದರೆ ಏನೋ ಒಂದಿಷ್ಟು ಬಂದೀತು” ಎಂದರು. ತಾಯಿ ಮೂಗುಬೊಟ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟರು. ಆ ‘ಹೊಳಪಿಲ್ಲ’ ಎಂಬ ಮಾತೇ ನನ್ನನ್ನು ಗ್ರಂಥಭಂಡಾರಕ್ಕೆ ಅಟ್ಟಿತು.

ಹೊಳಪಿಲ್ಲವೆಂಬುದು ನಿಜವಲ್ಲ, ಹೊಳಪಿನ ಬಗೆ ಬೇರೆ, ಅಷ್ಟೆ. ಇಂದಿನ ದುಂಡು ವಜ್ರಕ್ಕೆ 57 ಅಥವಾ 58 ಮುಖಗಳು. ಯಾವ ಮುಖ ಯಾವ ಕೋನದಲ್ಲಿದ್ದರೆ ಒಳಹೊಕ್ಕ ಬೆಳಕು ಪೂರ್ತಿಯಾಗಿ ಕಣ್ಣಿಗೆ ಹಿಂದಿರುಗುತ್ತದೆಂಬುದನ್ನು ಮಾರ್ಸೆಲ್ ಟೋಲ್ಕೊವ್‌ಸ್ಕಿ ಎಂಬಾತನು 1919ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದನು. ಅದಕ್ಕೂ ಹಿಂದಿನ ಕೆಲಸಗಾರನಿಗೆ ಈ ಲೆಕ್ಕವಿರಲಿಲ್ಲ. ಒಂದು ವಜ್ರವನ್ನು ಇನ್ನೊಂದಕ್ಕೆ ಉಜ್ಜಿ, ಕಲ್ಲು ಹುಟ್ಟಿದ ಆಕಾರವನ್ನು ಆದಷ್ಟು ಉಳಿಸಿಕೊಂಡು, ಕಣ್ಣಳತೆಯಿಂದ ಮುಖಗಳನ್ನು ತೆಗೆಯುತ್ತಿದ್ದನು. ಆದ್ದರಿಂದ ಹಳೆಯ ಕಲ್ಲಿನ ಅಂಚು ದಿಂಬಿನಂತೆ ಕೊಂಚ ಚೌಕ, ತಲೆ ಎತ್ತರ, ಒಡಲು ಆಳ. ಬುಡದ ಮೊನೆಯನ್ನು ಸವರಿರುವುದರಿಂದ ಮೇಲಿನಿಂದ ನೋಡಿದರೆ ನಡುವೆ ಪುಟ್ಟದೊಂದು ಕಿಟಕಿ ಕಾಣುತ್ತದೆ. ಒಂದರಂತೆ ಇನ್ನೊಂದಿಲ್ಲ. ಅಂಗಡಿಯ ಬಿಳಿಯ ವಿದ್ಯುದ್ದೀಪದಡಿಯಲ್ಲಿ ಇದು ಮಂಕಾಗಿ ತೋರಬಹುದು. ಆದರೆ ಇದನ್ನು ಮಾಡಿದ್ದು ಹಣತೆ, ಮೇಣದ ಬತ್ತಿಗಳ ಕಾಲದಲ್ಲಿ. ಒಂದು ಸಂಜೆ ವಿದ್ಯುತ್ತು ಹೋದಾಗ ಅಜ್ಜಿ ದೀಪ ಹಿಡಿದು ಬಂದರು. ಅವರು ಮುಖ ತಿರುಗಿಸಿದಾಗಲೊಮ್ಮೆ ಆ ಕಲ್ಲುಗಳಲ್ಲಿ ಬಣ್ಣಗಳು ನಿಧಾನವಾಗಿ ಅಗಲವಾಗಿ ಹೊರಳುವುದನ್ನು ಕಂಡೆ. ಹೊಸ ವಜ್ರ ಮಿಣಮಿಣ ಮಿನುಗುತ್ತದೆ, ಇದು ಉರಿಯುತ್ತದೆ.

ಮತ್ತೆ ಸಾಣೆ ಹಿಡಿಸುವುದರ ಫಲವೇನೆಂಬುದಕ್ಕೆ ಕೊಹಿನೂರಿಗಿಂತ ದೊಡ್ಡ ಉದಾಹರಣೆ ಬೇಡ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನಿಟ್ಟಾಗ ಜನರಿಗೆ ನಿರಾಶೆಯಾಯಿತು. ಸುತ್ತ ಅನಿಲದೀಪಗಳನ್ನು ಹಚ್ಚಿಟ್ಟರೂ ಅವರ ಮನಸ್ಸು ತಣಿಯಲಿಲ್ಲ. ಮರುವರ್ಷ ಅದನ್ನು ಹೊಸದಾಗಿ ಸಾಣೆಗೆ ಕೊಟ್ಟರು. ಇಂದಿನ ಅಳತೆಯಲ್ಲಿ ಸುಮಾರು 191 ಕ್ಯಾರೆಟ್ಟಿದ್ದ ಕಲ್ಲು 105.6 ಕ್ಯಾರೆಟ್ಟಿಗೆ ಇಳಿಯಿತು. ಸಾಣೆಯಲ್ಲಿ ಪುಡಿಯಾಗಿ ಹೋದದ್ದು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಪಾಲು. ಮೊಗಲರ ಕಾಲದ ಕೈಕೆಲಸವನ್ನು ಇನ್ನು ಯಾರೂ ಆ ಕಲ್ಲಿನಲ್ಲಿ ನೋಡುವಂತಿಲ್ಲ. ಅರಸರ ಕಲ್ಲಿಗೇ ಇಷ್ಟಾದರೆ, ಸಾಸಿವೆಗಿಂತ ತುಸು ದೊಡ್ಡದಾದ ಮೂಗುಬೊಟ್ಟಿನ ಕಲ್ಲಿನಲ್ಲಿ ಉಳಿಯುವುದೆಷ್ಟು?

ಹಳೆಯ ವಜ್ರವೆಂದರೆ ಸಾಕು, ಗೋಲ್ಕೊಂಡದ್ದೆಂದು ಹೇಳಿಕೊಳ್ಳುವ ಚಪಲವೂ ನಮ್ಮಲ್ಲುಂಟು. ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲಿನ ಗಣಿಗಳು ತೆರೆಯುವವರೆಗೆ ಜಗತ್ತಿನ ವಜ್ರಗಳು ಬಹುಪಾಲು ನಮ್ಮ ದೇಶದವೇ ಎಂಬುದು ನಿಜ. ಗೋಲ್ಕೊಂಡ ಮಾರುಕಟ್ಟೆಯ ಹೆಸರು; ಕಲ್ಲು ದೊರೆಯುತ್ತಿದ್ದುದು ಕೃಷ್ಣಾತೀರದ ಕೊಲ್ಲೂರು ಮೊದಲಾದ ಕಡೆ. ವಿಜಯನಗರದ ಅರಸರಿಗೂ ವಜ್ರದ ಗಣಿಗಳಿದ್ದವು. ನಿಗದಿಯಾದ ತೂಕವನ್ನು ಮೀರಿದ ವಜ್ರಗಳೆಲ್ಲ ಅರಸನಿಗೆ ಸಲ್ಲಬೇಕಿತ್ತೆಂದು ಪೋರ್ಚುಗೀಸ ನೂನಿಜ್ ಬರೆದಿದ್ದಾನೆ. ಆದರೆ 1867ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವಜ್ರ ದೊರೆತ ಮೇಲೆ ಚಿತ್ರವೇ ಬದಲಾಯಿತು. ನಮ್ಮ ಹಿರಿಯರು ಅಭಿಮಾನದಿಂದ ‘ಬ್ಲೂ ಜಾಗರ್’ ಎನ್ನುತ್ತಾರಲ್ಲ, ಆ ಹೆಸರು ಬಂದದ್ದು ಆ ದೇಶದ ಜಾಗರ್ಸ್‌ಫಾಂಟೀನ್ ಎಂಬ ಗಣಿಯಿಂದ. ಅಲ್ಲಿನ ಕೆಲವು ಕಲ್ಲುಗಳಿಗೆ ಬಿಸಿಲಿನಲ್ಲಿ ನಸುನೀಲಿ ಛಾಯೆ. 1971ರಲ್ಲಿ ಗಣಿ ಮುಚ್ಚಿತು. ಹೆಸರು ಮಾತ್ರ ನಮ್ಮ ಅಜ್ಜಿಯಂದಿರ ಮೂಗು ಕಿವಿಗಳಲ್ಲಿ ಉಳಿದಿದೆ. ಯಾರೋ ಆಫ್ರಿಕದ ಕೂಲಿಯವನು ಅಗೆದು ತೆಗೆದ ಕಲ್ಲಿದು ಎಂದುಕೊಂಡರೆ ಅದರ ಗೌರವ ಕಡಿಮೆಯಾಗುವುದಿಲ್ಲ, ನನ್ನ ಪಾಲಿಗಂತೂ ಹೆಚ್ಚುತ್ತದೆ.

ಬರಿಯ ಹೊಳಪಿಗಾಗಿ ವಜ್ರ ಬೇಕೆಂದರೆ ಈಗ ಭೂಮಿಯನ್ನು ಅಗೆಯಬೇಕಾದುದೂ ಇಲ್ಲ. 1954ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಮೊದಲಾದ ಕೆಲಸ ಈಗ ಸೂರತ್ತಿನಲ್ಲಿಯೂ ನಡೆಯುತ್ತಿದೆ. ಆ ವಜ್ರವೂ ಅದೇ ಇಂಗಾಲ, ಅದೇ ಕಾಠಿಣ್ಯ. ಬೆಲೆ ಮಾತ್ರ ಈಚಿನ ವರ್ಷಗಳಲ್ಲಿ ಬಹಳ ಇಳಿದಿದೆ. ಹಳೆಯ ಮಾದರಿಯಲ್ಲಿ ಸಾಣೆ ಹಿಡಿದ ಹೊಸ ಕಲ್ಲುಗಳೂ ಸಿಗುತ್ತವೆ. ಹೊಳಪು ಹೀಗೆ ಅಗ್ಗವಾಗುತ್ತ ಬಂದಷ್ಟೂ, ನೂರು ವರ್ಷದ ಹಿಂದಿನ ಅಕ್ಕಸಾಲಿಯು ಬೆನ್ನಿಗೆ ಚಿನ್ನದ ತಗಡಿಟ್ಟು ಮುಚ್ಚಿ ಕಟ್ಟಿದ ಏಳು ಕಲ್ಲುಗಳು ಅಪರೂಪವಾಗುತ್ತವೆ. ಅವನ್ನು ಮೀಟಿ ತೆಗೆದರೆ ಏಳು ಸಣ್ಣ ಹರಳುಗಳು ಒಂದು ಕಡೆ, ಚೂರು ಚಿನ್ನ ಒಂದು ಕಡೆ. ಮೂಗುಬೊಟ್ಟು ಎಲ್ಲಿಯೂ ಇಲ್ಲ.

ಕಷ್ಟ ಬಂದಾಗ ಒಡವೆ ಮಾರಬಾರದೆಂದು ಹೇಳುವಷ್ಟು ಸ್ಥಿತಿವಂತರ ಮನೆಯಿಂದ ನಾನು ಬಂದವನಲ್ಲ. ನಮ್ಮಂಥವರ ಮನೆಯಲ್ಲಿ ಒಡವೆಯಿರುವುದೇ ಆಪತ್ಕಾಲಕ್ಕೆ. ಮಾರಲೇಬೇಕಾದರೆ ಇಡಿಯಾಗಿ ಮಾರೋಣ. ಕಲ್ಲೆಷ್ಟು, ಅದರ ತೂಕವೆಷ್ಟು ಎಂಬುದನ್ನು ಬರೆಸಿಕೊಳ್ಳೋಣ. ಒಂದಂಗಡಿಯ ಮಾತಿಗೆ ಕಟ್ಟುಬೀಳದೆ ನಾಲ್ಕು ಕಡೆ ತೋರಿಸೋಣ. ಮನೆಯಲ್ಲಿಯೂ ಇದನ್ನೇ ಹೇಳಿದೆ. ಚಿಕ್ಕಪ್ಪನವರು ಪೂರ್ತಿ ಕೇಳಿ, “ಓದಿಸಿದ್ದಕ್ಕೆ ಮಾತು ಚೆನ್ನಾಗಿ ಕಲಿತಿದ್ದೀಯ” ಎಂದು ಎದ್ದು ಹೋದರು. ಮದುವೆಗೆ ಇನ್ನೆರಡು ತಿಂಗಳಿದೆ. ಮೂಗುಬೊಟ್ಟು ಅಜ್ಜಿಯ ಎಲೆಯಡಿಕೆ ಚೀಲದಲ್ಲಿದೆ. ಹಾಕಿಕೊಳ್ಳಿ ಅಜ್ಜಿ ಎಂದರೆ, “ಅದೇನೆಂದು ಇತ್ಯರ್ಥವಾಗಲಿ ತಡಿ ಮಗ” ಎನ್ನುತ್ತಾರೆ.