ಗಣಿಯ ಆಳಕ್ಕೊಂದು ಮಿತಿ, ಲೆಕ್ಕಕ್ಕೊಂದು ಕ್ಷೇತ್ರ

ಕೆ.ಜಿ.ಎಫ್. ಕಡೆಯ ಮಕ್ಕಳಿಗೆ ಆಳದ ಮಾತು ಹೊಸದಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಸಾವಿರ ಮೀಟರಿಗೂ ಕೆಳಗೆ ಇಳಿದಿತ್ತೆಂಬುದು ಅಲ್ಲಿ ಮನೆಮನೆಯ ಮಾತು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೂ ಆ ಮಾತು ನಿಂತಿಲ್ಲ. ಆದರೆ ಅದೇ ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದೊಡನೆ ಗಣಿತದ ಆರಂಭದ ಪಾಠಗಳಲ್ಲೇ 'ಡೊಮೈನ್', 'ರೇಂಜ್' ಎಂಬ ಎರಡು ಪದಗಳು ಎದುರಾಗುತ್ತವೆ. ಮನೆಯಲ್ಲಿ ತಮಿಳೋ ತೆಲುಗೋ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ಕಷ್ಟ ಲೆಕ್ಕದ್ದೋ ಭಾಷೆಯದ್ದೋ ಎಂದು ತಿಳಿಯುವಷ್ಟರಲ್ಲಿ ಮೊದಲ ಕಿರುಪರೀಕ್ಷೆ ಮುಗಿದಿರುತ್ತದೆ.

ಫಲನ ಎಂದರೆ ಅದಿರು ಅರೆಯುವ ಮಿಲ್ಲಿನಂಥದು. ಒಂದು ಸಂಖ್ಯೆ ಒಳಗೆ ಹೋದರೆ ನಿಯಮದ ಪ್ರಕಾರ ಒಂದೇ ಒಂದು ಸಂಖ್ಯೆ ಹೊರಗೆ ಬರಬೇಕು. ಒಳಗೆ ಹಾಕಲು ಯೋಗ್ಯವಾದ ಸಂಖ್ಯೆಗಳೆಲ್ಲ ಸೇರಿ ಡೊಮೈನ್, ಅಂದರೆ ಕ್ಷೇತ್ರ. ನಿಜವಾಗಿ ಹೊರಗೆ ಬರುವ ಸಂಖ್ಯೆಗಳೆಲ್ಲ ಸೇರಿ ರೇಂಜ್, ಅಂದರೆ ವ್ಯಾಪ್ತಿ.

ಒಂದು ನೇರವಾದ ಗಣಿ ಬಾವಿ 2,000 ಮೀಟರ್ ಆಳ ಇದೆ ಎಂದುಕೊಳ್ಳೋಣ. ಮೇಲಿನಿಂದ ಕಲ್ಲು ಬಿಟ್ಟರೆ, ಗಾಳಿಯ ತಡೆಯನ್ನು ಬಿಟ್ಟು, ಗುರುತ್ವದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 10 ಮೀಟರ್ ಎಂದಿಟ್ಟುಕೊಂಡರೆ, ಎಕ್ಸ್ ಮೀಟರ್ ಬೀಳಲು ಬೇಕಾಗುವ ಸೆಕೆಂಡುಗಳು √(ಎಕ್ಸ್ ÷ 5). ಸೂತ್ರವನ್ನಷ್ಟೇ ಕೇಳಿದರೆ ಅದು ಸೊನ್ನೆಯನ್ನೂ ಎಲ್ಲ ಧನ ಸಂಖ್ಯೆಗಳನ್ನೂ ಒಪ್ಪುತ್ತದೆ, ಋಣ ಸಂಖ್ಯೆಯನ್ನು ಮಾತ್ರ ಒಲ್ಲೆನೆನ್ನುತ್ತದೆ. ಬಾವಿಯನ್ನು ಕೇಳಿದರೆ 2,000ಕ್ಕೆ ತಳ ಬಂತು ಎನ್ನುತ್ತದೆ. ಆಗ ಕ್ಷೇತ್ರ 0ಯಿಂದ 2,000, ವ್ಯಾಪ್ತಿ 0ಯಿಂದ 20. ಪ್ರಶ್ನೆಪತ್ರಿಕೆಯಲ್ಲಿ ಬರೀ ಸೂತ್ರ ಕೊಟ್ಟಿದ್ದರೆ ಸೂತ್ರದ ಮಾತು ನಡೆಯುತ್ತದೆ. ಸನ್ನಿವೇಶ ಕೊಟ್ಟಿದ್ದರೆ ಬಾವಿಯ ಮಾತನ್ನೂ ಕೇಳಬೇಕು. ಎಷ್ಟೋ ಅಂಕಗಳು ಹೋಗುವುದು ಇಲ್ಲೇ.

ಬೀಜಗಣಿತದ ಫಲನಗಳಲ್ಲಿ ಸೂತ್ರ ಹಾಕುವ ನಿಷೇಧಗಳು ಎರಡೇ. ಛೇದ ಸೊನ್ನೆಯಾಗಬಾರದು. ವರ್ಗಮೂಲದಂಥ ಸಮ ಮೂಲದ ಒಳಗೆ ಋಣ ಸಂಖ್ಯೆ ಇರಬಾರದು. ಘನಮೂಲಕ್ಕೆ ಆ ಭಯವಿಲ್ಲ. ಋಣ 8ರ ಘನಮೂಲ ಋಣ 2 ಎಂದು ಸಲೀಸಾಗಿ ಬರುತ್ತದೆ. ಮುಖ್ಯವಾದ ಸಂಗತಿ ಎಂದರೆ ಈ ತಪಾಸಣೆ ಸುಲಭೀಕರಣಕ್ಕಿಂತ ಮೊದಲೇ ಆಗಬೇಕು. (ಎಕ್ಸ್² − 4) ÷ (ಎಕ್ಸ್ − 2) ಕಂಡೊಡನೆ ಚುರುಕಿನ ಹುಡುಗರು ಮೇಲೆ ಕೆಳಗೆ ಹೊಡೆದುಹಾಕಿ 'ಎಕ್ಸ್ + 2' ಎಂದು ಬರೆದು, ಕ್ಷೇತ್ರ ಎಲ್ಲ ವಾಸ್ತವ ಸಂಖ್ಯೆಗಳು ಎಂದುಬಿಡುತ್ತಾರೆ. ಮೂಲ ರೂಪದಲ್ಲಿ 2 ಹಾಕಿದರೆ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಆದ್ದರಿಂದ ಕ್ಷೇತ್ರದಲ್ಲಿ 2 ಇಲ್ಲ. ಅದರ ಜೊತೆಗೇ ವ್ಯಾಪ್ತಿಯಿಂದ 4 ಕೂಡ ಜಾರಿಹೋಗುತ್ತದೆ. ಹೊಡೆದುಹಾಕುವ ಚುರುಕುತನಕ್ಕಿಂತ ಒಂದು ಗಳಿಗೆ ತಡೆದು ನೋಡುವ ನಿಧಾನವೇ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು.

ವ್ಯಾಪ್ತಿ ಕಂಡುಹಿಡಿಯುವುದು ಇನ್ನೂ ಸ್ವಲ್ಪ ತೊಡಕು. ಇದಕ್ಕೆ ಬಂಗಾರಪೇಟೆಯ ರೈಲನ್ನೇ ಹತ್ತಬಹುದು. ಅಲ್ಲಿಂದ ಮಾರಿಕುಪ್ಪಂಗೆ 1894ರಲ್ಲಿ ತೆರೆದ ಕವಲು ಹಾದಿ ಇದೆ, ದೂರ ಸುಮಾರು 16 ಕಿ.ಮೀ. ಒಂದು ರೈಲು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ, ಗಂಟೆಗೆ ಎಕ್ಸ್ ಕಿ.ಮೀ. ವೇಗದಲ್ಲಿ ಹಿಂದಿರುಗಿತು ಎನ್ನೋಣ. ಇಡೀ ಪ್ರಯಾಣದ ಸರಾಸರಿ ವೇಗ ವೈ ಆದರೆ,

ವೈ = 80ಎಕ್ಸ್ ÷ (ಎಕ್ಸ್ + 40)

ಸರಾಸರಿ 80 ಆಗಬೇಕಾದರೆ ರೈಲು ಎಷ್ಟು ವೇಗದಲ್ಲಿ ಹಿಂದಿರುಗಬೇಕು? '120' ಎಂಬುದು ಥಟ್ಟನೆ ಬಾಯಿಗೆ ಬರುವ ಉತ್ತರ. ಸಮೀಕರಣವನ್ನು ತಿರುಗಿಸಿ ಎಕ್ಸ್ ಬೆಲೆ ತೆಗೆದರೆ ಎಕ್ಸ್ = 40ವೈ ÷ (80 − ವೈ). ಈಗ ಛೇದವನ್ನು ನೋಡಬೇಕು. ವೈ 80 ಆದರೆ ಛೇದ ಸೊನ್ನೆ. ಅಂದರೆ ಯಾವ ವೇಗದಲ್ಲಿ ಹಿಂದಿರುಗಿದರೂ ಸರಾಸರಿ 80 ಆಗುವುದಿಲ್ಲ! 120ರಲ್ಲಿ ಬಂದರೂ ಸರಾಸರಿ 60 ಮಾತ್ರ. ಕಾರಣವೂ ಸರಳ. 80ರ ಸರಾಸರಿಯಲ್ಲಿ 32 ಕಿ.ಮೀ. ಮುಗಿಸಲು 24 ನಿಮಿಷ ಬೇಕು. ಹೋಗುವಾಗಲೇ ಆ 24 ನಿಮಿಷವೂ ಖರ್ಚಾಗಿದೆ. ಎಕ್ಸ್ ಧನ ಸಂಖ್ಯೆಯಾಗಿರಬೇಕಾದ್ದರಿಂದ ಈ ಪ್ರಯಾಣದ ವ್ಯಾಪ್ತಿ 0ಗೂ 80ಕ್ಕೂ ನಡುವೆ, ಎರಡೂ ತುದಿಗಳನ್ನು ಬಿಟ್ಟು. ಬರೀ ಸೂತ್ರವಾದರೆ ಕ್ಷೇತ್ರದಲ್ಲಿ ಋಣ 40 ಇಲ್ಲ, ವ್ಯಾಪ್ತಿಯಲ್ಲಿ 80 ಇಲ್ಲ, ಉಳಿದದ್ದೆಲ್ಲ ಉಂಟು.

ಹೀಗೆ ತಿರುಗಿಸುವಾಗ ವರ್ಗ ಮಾಡಬೇಕಾಗಿ ಬಂದರೆ ಎಚ್ಚರ ಬೇಕು. ವೈ = √(25 − ಎಕ್ಸ್²) ಎಂಬಲ್ಲಿ ಕ್ಷೇತ್ರ ಋಣ 5ರಿಂದ 5. ಎರಡೂ ಕಡೆ ವರ್ಗ ಮಾಡಿ ತಿರುಗಿಸಿದರೆ ವೈ ಕೂಡ ಋಣ 5ರಿಂದ 5 ಎಂಬಂತೆ ಕಾಣುತ್ತದೆ. ಆದರೆ √ ಚಿಹ್ನೆ ಋಣ ಬೆಲೆಯನ್ನು ಕೊಡುವುದೇ ಇಲ್ಲ. ವ್ಯಾಪ್ತಿ 0ಯಿಂದ 5 ಅಷ್ಟೆ. ಸೂತ್ರದ ನಕ್ಷೆ ಬಿಡಿಸಿದರೆ ಅರ್ಧ ವೃತ್ತ ಕಾಣುತ್ತದೆ, ಅನುಮಾನ ಅಲ್ಲಿಗೇ ಮುಗಿಯುತ್ತದೆ. ನಕ್ಷೆ ಬಿಡಿಸುವುದನ್ನು ಸಮಯ ಹಾಳೆಂದು ತಿಳಿಯುವ ಟ್ಯೂಷನ್ ಪದ್ಧತಿ ಮಕ್ಕಳಿಗೆ ಉಪಕಾರ ಮಾಡುತ್ತಿಲ್ಲ.

ಪಿಯುಸಿ ಗಣಿತ ತಮಗೆ ತಿಳಿಯದು ಎಂದು ಕೈಚೆಲ್ಲುವ ತಂದೆ ತಾಯಿಯರೂ ಈ ಪಾಠದಲ್ಲಿ ನೆರವಾಗಬಹುದು. ಮಗ ಅಥವಾ ಮಗಳು ಲೆಕ್ಕ ಬಿಡಿಸಿದ ಮೇಲೆ 'ಇದರಲ್ಲಿ ಯಾವ ಸಂಖ್ಯೆ ಹಾಕಬಾರದು? ಯಾಕೆ ಹಾಕಬಾರದು?' ಎಂದು ಕೇಳಿದರೆ ಸಾಕು. 'ಯಾಕೆ' ಎಂಬುದಕ್ಕೆ ಮನೆಮಾತಿನಲ್ಲಿ ಉತ್ತರ ಬಂದರೆ ಪಾಠ ತಲೆಗೆ ಹತ್ತಿದೆ. 'ಸರ್ ಹಾಗೆ ಹೇಳಿದರು' ಎಂದರೆ ಇನ್ನೂ ಇಲ್ಲ.

ಈ ವಾರದ ಲೆಕ್ಕ: ವೈ = 1 ÷ √(9 − ಎಕ್ಸ್²). ಎರಡೂ ನಿಷೇಧಗಳು ಇಲ್ಲಿ ಒಟ್ಟಿಗೇ ಕೂತಿವೆ. ಕ್ಷೇತ್ರ ಸಿಕ್ಕ ಮೇಲೆ, ವ್ಯಾಪ್ತಿಗಾಗಿ ಛೇದ ಅತಿ ದೊಡ್ಡದಾಗುವುದು ಎಕ್ಸ್ ಎಷ್ಟಿದ್ದಾಗ ಎಂದು ನೋಡಿ. ಉತ್ತರ ಮುಂದಿನ ವಾರ.